ನಿಮಗಿದು ಗೊತ್ತೇ? ನೀರಿನ ನಡುವಿದ್ದೂ ಬೆಂಕಿಗೆ ತುತ್ತಾದ ಮಂಟಪ

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಗ್ಯೊಂಗ್‌ಬೊಕ್‌ಗುಂಗ್ ಅರಮನೆ ಎದ್ದಿದ್ದು 1395ರಲ್ಲಿ. ಅಲ್ಲಿದ್ದ ಒಂದು ಪುಟ್ಟ ಮಂಟಪ ವಾಲತೊಡಗಿದಾಗ ದೊರೆ ತೇಜೊಂಗ್ ದುರಸ್ತಿಗೆ ಆಜ್ಞೆ ಮಾಡಿದ. 1412ರಲ್ಲಿ ಸಿದ್ಧವಾದದ್ದು ಮಾತ್ರ ಸುತ್ತ ಕೊಳವಿರುವ ಭಾರಿ ಮಂಟಪ! ಅದೇ ಗ್ಯೊಂಗ್‌ಹ್ವೇರು.

ಕಟ್ಟಿಸಿದವನು ಪಾಕ್ ಜಾಚೊಂಗ್. ಪರಿಚಾರಕನಾಗಿದ್ದವನು ತನ್ನ ಕೈಗುಣದಿಂದಲೇ ಕಾಮಗಾರಿ ಮಂತ್ರಿಯ ಪದವಿಗೇರಿದ.

ಕೊಳ ತೋಡಿದ ಮಣ್ಣು ಏನಾಯಿತು? ರಾಣಿವಾಸದ ಹಿಂದಿನ ಅಮಿಸಾನ್ ಎಂಬ ಹೂದೋಟದ ದಿಬ್ಬವಾಯಿತು ಎನ್ನುತ್ತಾರೆ.

ಬರಗಾಲ ಬಂದರೆ ಈ ಕೊಳದ ದಡದಲ್ಲಿ ಹಲ್ಲಿಗಳನ್ನು ನೀರಿನ ಜಾಡಿಯಲ್ಲಿ ಹಾಕಿಡುತ್ತಿದ್ದರು. ನೀಲಿ ಬಟ್ಟೆ ತೊಟ್ಟ ಹುಡುಗರು ವಿಲೋ ಕಡ್ಡಿಗಳಿಂದ ಜಾಡಿಯನ್ನು ಬಡಿಯುತ್ತಾ, ಮಳೆ ತರಿಸಿದರೆ ಬಿಟ್ಟುಬಿಡುತ್ತೇವೆ ಎಂದು ಕೂಗುತ್ತಿದ್ದರು. ಹಲ್ಲಿ ಮಳೆ ತರುವ ಡ್ರ್ಯಾಗನ್‌ನ ಬಂಧು ಎಂಬ ನಂಬಿಕೆ ಅವರದು.

ಔತಣಕ್ಕೆಂದು ಕಟ್ಟಿದ ಈ ಜಾಗದಲ್ಲೇ ಒಂದು ಸಿಂಹಾಸನ ಕೈಬದಲಾಯಿತು. 1455ರಲ್ಲಿ ಹದಿಹರೆಯದ ದೊರೆ ದಾನ್‌ಜೊಂಗ್ ರಾಜಮುದ್ರೆಯನ್ನು ಚಿಕ್ಕಪ್ಪ ಸೇಜೊಗೆ ಒಪ್ಪಿಸಬೇಕಾಯಿತು. ಮುದ್ರೆ ತಂದುಕೊಟ್ಟವನು ಸೊಂಗ್ ಸಾಮ್‌ಮುನ್, ಹಂಗುಲ್ ಲಿಪಿಯ ಕೆಲಸದಲ್ಲಿ ದುಡಿದ ವಿದ್ವಾಂಸ. ಗೆಳೆಯ ಪಾಕ್ ಪೆಂಗ್‌ನ್ಯೊನ್ ಇದೇ ಕೊಳಕ್ಕೆ ಹಾರಲು ಹೊರಟಾಗ ತಡೆದವನೂ ಅವನೇ ಎಂದು ಹೇಳಲಾಗುತ್ತದೆ. ಮರುವರ್ಷ ಬಾಲರಾಜನನ್ನು ಮತ್ತೆ ಪಟ್ಟಕ್ಕೇರಿಸುವ ಯತ್ನದಲ್ಲಿ ಇಬ್ಬರೂ ಪ್ರಾಣ ತೆತ್ತರು. ಕೊರಿಯನ್ನರು ಇಂದಿಗೂ ಅವರನ್ನು ನಿಷ್ಠೆಗಾಗಿ ನೆನೆಯುತ್ತಾರೆ. ನೆನೆಯಬೇಕಾದವರೇ.

1592ರ ಜಪಾನಿ ದಂಡಯಾತ್ರೆಯ ವೇಳೆ ಅರಮನೆ ಹೊತ್ತಿ ಉರಿಯಿತು. ಮಂಟಪದ ಸುತ್ತ ನೀರಿದ್ದೂ ಮರದ ಮೇಲಂತಸ್ತು ಉಳಿಯಲಿಲ್ಲ. ಆಮೇಲೆ 270ಕ್ಕೂ ಹೆಚ್ಚು ವರ್ಷ ಅಲ್ಲಿ ಬರೀ ಕಲ್ಲುಕಂಬಗಳು! ಆ ಹಾಳು ಅರಮನೆ ಆಗಿನ ಚಿತ್ರಗಳಲ್ಲೂ ಕಾಣಸಿಗುತ್ತದೆ.

ದೊರೆ ಗೊಜೊಂಗ್‌ನ ತಂದೆ ಹುಂಗ್‌ಸೊನ್ ದೇವೊನ್‌ಗುನ್ 1867ರಲ್ಲಿ ಮಂಟಪವನ್ನು ಮತ್ತೆ ಎಬ್ಬಿಸಿದ. ಕಂಬಗಳು 48. ಹೊರಗಿನ 24 ಚೌಕ, ಒಳಗಿನ 24 ದುಂಡು. ಚೌಕ ಭೂಮಿಗೆ, ದುಂಡು ಆಕಾಶಕ್ಕೆ. ಹಳೆಯ ಕಂಬಗಳ ಮೇಲೆ ಡ್ರ್ಯಾಗನ್ ಕೆತ್ತನೆಯಿತ್ತು. ನೀರಿನಲ್ಲಿ ಅವುಗಳ ಬಿಂಬ ಕಂಡು ರ್ಯುಕ್ಯು ದ್ವೀಪರಾಜ್ಯದ ರಾಯಭಾರಿ ಮನಸೋತಿದ್ದನಂತೆ. ಹೊಸ ಕಂಬಗಳು ನುಣುಪು.

ಮೇಲಂತಸ್ತಿನ ನೆಲ ಸಮತಟ್ಟಲ್ಲ, ಮೂರು ಹಂತ. ಎಲ್ಲಕ್ಕಿಂತ ಎತ್ತರದ ನಡುಭಾಗ ದೊರೆಗೆ.

ಈ ಬಾರಿ ಬೆಂಕಿ ತಾಗಬಾರದೆಂದು ಎರಡು ಕಂಚಿನ ಡ್ರ್ಯಾಗನ್‌ಗಳನ್ನು ಕೊಳಕ್ಕೆ ಇಳಿಸಿದ್ದಾಗಿ ದಾಖಲೆಯಿತ್ತು. ಓದಿದವರಿಗೆ ಅದು ಕಾಗದದ ಮೇಲಿನ ಮಾತು ಅಷ್ಟೆ. 1997ರಲ್ಲಿ ಹೂಳೆತ್ತುವಾಗ ಒಂದು ಡ್ರ್ಯಾಗನ್ ಕೆಸರಿನಿಂದ ಮೇಲೆದ್ದು ಬಂತು! ಅದೀಗ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ.

1983ರ 10,000 ವೊನ್ ನೋಟಿನ ಹಿಂಬದಿಯಲ್ಲಿದ್ದದ್ದು ಇದೇ ಮಂಟಪ. ಸೋಲ್‌ಗೆ ಹೋಗುವವರು ದಡದಿಂದಲೇ ಫೋಟೊ ತೆಗೆದು ಹಿಂತಿರುಗಬೇಡಿ. ಮೇಲಂತಸ್ತಿನ ವಿಶೇಷ ವೀಕ್ಷಣೆಗೆ ಮುಂಗಡ ಕಾದಿರಿಸುವ ಅವಕಾಶ ಇದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ.