ಗೇರ್‌ಬಾಕ್ಸ್ ಬಿಚ್ಚಿಸುವ ಮುನ್ನ

ಹೆದ್ದಾರಿಯಲ್ಲಿ ದಿನವೂ ಓಡಾಡುವ ಓದುಗರೊಬ್ಬರ ಸಂಕಟ ಇದು. ಅವರ ಆಟೊಮ್ಯಾಟಿಕ್ ಕಾರು 70 ಕಿ.ಮೀ. ವೇಗದ ಆಸುಪಾಸಿನಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದ್ದಾಗ, ಜಲ್ಲಿ ಹರಡಿದ ರಸ್ತೆಗೆ ಇಳಿದಂತೆ ಗಡಗಡ ನಡುಗುತ್ತದಂತೆ. ಎರಡು ಸೆಕೆಂಡು, ಅಷ್ಟೇ. ಗ್ಯಾರೇಜಿನವರು ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕು ಎಂದಿದ್ದಾರೆ. ಸ್ವಲ್ಪ ತಡೆಯಿರಿ.

ಗಡಿಗೆ ತುಂಬ ಮಜ್ಜಿಗೆಯಿದೆ ಎನ್ನಿ. ಅದರಲ್ಲಿ ಎರಡು ಕಡೆಗೋಲುಗಳು, ತಲೆಗೆ ತಲೆ ಎದುರಾಗಿ, ಒಂದಕ್ಕೊಂದು ತಾಗದಂತೆ. ಒಂದನ್ನು ಜೋರಾಗಿ ತಿರುಗಿಸಿದರೆ ಮಜ್ಜಿಗೆ ಸುತ್ತುತ್ತದೆ, ಆ ಸುಳಿಗೆ ಸಿಕ್ಕಿ ಇನ್ನೊಂದೂ ತಿರುಗುತ್ತದೆ. ಟಾರ್ಕ್ ಕನ್ವರ್ಟರ್ ಎಂದರೆ ಇದೇ. ಮೊದಲ ಕಡೆಗೋಲು ಎಂಜಿನ್ನಿನದು, ಎರಡನೆಯದು ಗೇರ್‌ಬಾಕ್ಸಿನದು, ಮಜ್ಜಿಗೆಯ ಜಾಗದಲ್ಲಿ ಆಯಿಲ್. ಸಿಗ್ನಲ್‌ನಲ್ಲಿ ಎರಡನೆಯದು ನಿಂತರೂ ಮೊದಲನೆಯದು ತಿರುಗುತ್ತಲೇ ಇರುತ್ತದೆ. ಎಂಜಿನ್ ಆಫ್ ಆಗುವುದಿಲ್ಲ. ನಡುವಿನ ಸ್ಟೇಟರ್ ಎಂಬ ಮೂರನೆಯ ಚಕ್ರ ಮರಳುವ ಆಯಿಲಿನ ದಿಕ್ಕು ಬದಲಿಸಿ, ಕಾರು ಹೊರಡುವಾಗ ಟಾರ್ಕನ್ನು ಸುಮಾರು 2 ಪಟ್ಟು ಮಾಡುತ್ತದೆ.

ಇದು ಹುಟ್ಟಿದ್ದು ಹಡಗಿಗಾಗಿ. ಸ್ಟೆಟಿನ್ ನಗರದ ವಲ್ಕನ್ ಹಡಗು ಕಾರ್ಖಾನೆಯಲ್ಲಿದ್ದ ಜರ್ಮನ್ ಎಂಜಿನಿಯರ್ ಹರ್ಮನ್ ಫೋಟಿಂಗರ್, ವೇಗವಾಗಿ ತಿರುಗುವ ಹಬೆ ಟರ್ಬೈನಿಗೆ ನಿಧಾನವಾಗಿ ತಿರುಗಬೇಕಾದ ಪ್ರೊಪೆಲ್ಲರನ್ನು ಜೋಡಿಸಲು ಪಂಪು, ಟರ್ಬೈನು ಎರಡನ್ನೂ ಒಂದೇ ಕವಚದೊಳಗೆ ಕೂರಿಸಿ 1905ರಲ್ಲಿ ಪೇಟೆಂಟ್ ಪಡೆದ. ಎಂಥ ಸೊಗಸಾದ ಯೋಚನೆ! 1948ರಲ್ಲಿ ಬ್ಯೂಕ್ ಕಂಪನಿಯ ಡೈನಾಫ್ಲೋ ಅದನ್ನು ಕಾರಿನೊಳಕ್ಕೆ ತಂದಿತು.

ಆದರೆ ಎರಡನೆಯ ಕಡೆಗೋಲು ಯಾವಾಗಲೂ ತುಸು ಹಿಂದೆಯೇ. ಆ ಹಿಂದುಳಿದ ಪಾಲು ಬಿಸಿಯಾಗಿ ಪೋಲಾಗುತ್ತದೆ. ಒಂದೇ ವೇಗದಲ್ಲಿ ಓಡುವಾಗ ಎರಡನ್ನೂ ಬಿಗಿದು ಕಟ್ಟಿಬಿಟ್ಟರೆ? ಅದೇ ಲಾಕಪ್ ಕ್ಲಚ್. 1949ರಲ್ಲೇ ಪ್ಯಾಕರ್ಡ್ ಕಾರಿನಲ್ಲಿ ಬಂದಿತ್ತು. ನಮ್ಮ ಓದುಗರ ನಡುಕದ ಮೊದಲ ಅನುಮಾನ ಇದರ ಮೇಲೆ. ಆಯಿಲ್ ಹಳತಾದರೆ ಅಥವಾ ಅದಕ್ಕೆ ನೀರು ಸೇರಿದರೆ ಕ್ಲಚ್ಚಿನ ಪಟ್ಟಿ ಹಿಡಿದು ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಸೀಮೆಸುಣ್ಣ ಕರಿಹಲಗೆಯ ಮೇಲೆ ಕುಪ್ಪಳಿಸಿ ಚುಕ್ಕಿಗೆರೆ ಎಳೆಯುತ್ತದಲ್ಲ, ಹಾಗೆ.

ಪರೀಕ್ಷೆ ಸರಳ. ಹಿಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ, ನಡುಕ ಶುರುವಾದಾಗ, ಆಕ್ಸಿಲರೇಟರ್ ಬಿಡದೆ ಬ್ರೇಕ್ ಪೆಡಲನ್ನು ದೀಪ ಹೊತ್ತುವಷ್ಟೇ ಸೋಕಿಸಿ. ಹೆಚ್ಚಿನ ಕಾರುಗಳಲ್ಲಿ ಆ ಕ್ಷಣವೇ ಲಾಕಪ್ ಬಿಚ್ಚಿಕೊಳ್ಳುತ್ತದೆ, ಆರ್‌ಪಿಎಂ ಮುಳ್ಳು ಚೂರು ಮೇಲೇರುತ್ತದೆ. ನಡುಕವೂ ಆಗಲೇ ನಿಂತಿತೇ? ಗೇರುಗಳ ಮೇಲಿನ ಅನುಮಾನ ಬಹುಪಾಲು ಕರಗಿತು. ಎಂಜಿನ್ನಿನ ಮೇಲಿನದು ಮಾತ್ರ ಇನ್ನೂ ಉಳಿದಿದೆ: ಲಾಕಪ್ ಬಿಗಿದಾಗ ಎಂಜಿನ್ನಿನ ಮಿಸ್‌ಫೈರ್ ಕೂಡ ಆಯಿಲಿನ ಮೆತ್ತೆಯಿಲ್ಲದೆ ನೇರವಾಗಿ ಸೀಟಿಗೆ ಬಡಿಯುತ್ತದೆ. ಅದಕ್ಕೆ ಸ್ಕ್ಯಾನರ್ ಹಾಕಿಸಿ, ಸ್ಲಿಪ್ ಎಂಬ ಅಂಕಿ ನೋಡಿ. ನಡುಗುವಾಗ ಅದು ಕುಣಿದರೆ ತೊಂದರೆ ಕ್ಲಚ್ಚಿನದು. ಅದು ಅಲುಗಾಡದೆ ಮಿಸ್‌ಫೈರ್ ಎಣಿಕೆ ಏರಿದರೆ ಸ್ಪಾರ್ಕ್ ಪ್ಲಗ್ ಕಡೆ ತಿರುಗಿ. ಬೆಳಿಗ್ಗೆ ಆಯಿಲ್ ತಣ್ಣಗಿರುವಾಗ ಲಾಕಪ್ ಸಾಮಾನ್ಯವಾಗಿ ಬೀಳುವುದೇ ಇಲ್ಲ. ಮೊದಲ ಕೆಲವು ನಿಮಿಷ ಕಾರು ಸುಮ್ಮನಿದ್ದರೆ ಅದೂ ಒಂದು ಸುಳಿವು. ಇದಕ್ಕೆ ವಿರುದ್ಧವಾದ ರೋಗವೂ ಉಂಟು: ಬಿಗಿದ ಲಾಕಪ್ ಬಿಚ್ಚದೆ ಉಳಿದರೆ, ಕ್ಲಚ್ ಒತ್ತದೆ ನಿಲ್ಲಿಸಿದ ಮ್ಯಾನ್ಯುಯಲ್ ಕಾರಿನಂತೆ ಎಂಜಿನ್ ಧಡ್ ಎಂದು ನಿಂತುಬಿಡುತ್ತದೆ.

ಎಎಂಟಿ ಕಾರಿನವರಿಗೆ ಈ ಯಾವ ಮಾತೂ ಅನ್ವಯಿಸದು, ಅದರಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲ. ಉಳಿದವರು, ಕ್ಲಚ್ಚೇ ಎಂದು ಖಚಿತವಾದರೆ, ಕೈಪಿಡಿಯಲ್ಲಿ ಹೇಳಿದ ಆಯಿಲನ್ನೇ ತರಿಸಿ ಮೊದಲು ಅದನ್ನು ಬದಲಿಸಿ. ಪಟ್ಟಿ ಸವೆದಿರದಿದ್ದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.