ನೂರಿಪ್ಪತ್ತು ಕೋಟಿಯ ಲೆಕ್ಕ: ಆರ್‌ಸಿಬಿ ಮತ್ತು ತಂಡ ಕಟ್ಟುವ ವಿದ್ಯೆ

ವೃತ್ತಿಪರ ಕ್ರೀಡೆಯಲ್ಲಿ ಪಂದ್ಯವು ಮೈದಾನದಲ್ಲಿ ನಡೆಯುವುದಕ್ಕೆ ಎಷ್ಟೋ ತಿಂಗಳು ಮೊದಲೇ ಅದರ ಅರ್ಧಭಾಗ ಲೆಕ್ಕದ ಪುಸ್ತಕದಲ್ಲಿ ನಡೆದುಹೋಗಿರುತ್ತದೆ. ಯಾವ ಆಟಗಾರನನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಇರುವ ಹಣದಲ್ಲಿ ಬ್ಯಾಟಿಂಗಿಗೆಷ್ಟು, ಬೌಲಿಂಗಿಗೆಷ್ಟು ಎಂಬ ಪ್ರಶ್ನೆಗಳಿಗೆ ತಂಡದ ಆಡಳಿತ ಕೊಡುವ ಉತ್ತರವೇ ಆಮೇಲೆ ಅಂಕಪಟ್ಟಿಯಾಗಿ ಕಾಣಿಸಿಕೊಳ್ಳುತ್ತದೆ. ಕನ್ನಡ ಅಭಿಮಾನಿಗಳ ಮಟ್ಟಿಗೆ ಈ ಚರ್ಚೆಯ ಕೇಂದ್ರ ರಾಯಲ್ ಚಾಲೆಂಜರ್ಸ್ ಬೆಂಗಳೂರು, ಅಂದರೆ ಆರ್‌ಸಿಬಿ. 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು ಬಳಿಕ ಆಂಧ್ರಕ್ಕೆ ಹೋದ ಆದೋನಿ, ಆಲೂರು ಕಡೆಯವರಿಗೂ ಪಕ್ಕದ ಪತ್ತಿಕೊಂಡದವರಿಗೂ ಒಂದು ಕಡೆ ಹೈದರಾಬಾದಿನ ತಂಡ, ಇನ್ನೊಂದು ಕಡೆ ಬೆಂಗಳೂರಿನ ತಂಡ ಇರುವುದರಿಂದ, ಯಾರು ದುಡ್ಡನ್ನು ಜಾಣತನದಿಂದ ಖರ್ಚು ಮಾಡಿದರು ಎಂಬ ವಾದಕ್ಕೆ ಅಲ್ಲಿ ಎರಡು ಪಕ್ಷಗಳೂ ಸಿದ್ಧವಾಗಿಯೇ ಇರುತ್ತವೆ.

ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳು ಇದೇ ವಾದವನ್ನು ದಶಕಗಳಿಂದ ಮಾಡುತ್ತ ಬಂದಿದ್ದಾರೆ. ಆದರೆ ಅಲ್ಲಿನ ನಿಯಮ ಬೇರೆ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ತಂಡವೊಂದು ಆಟಗಾರರ ಸಂಬಳಕ್ಕೆ ಇಷ್ಟೇ ವ್ಯಯಿಸಬೇಕೆಂಬ ಗಟ್ಟಿಯಾದ ಮಿತಿಯಿಲ್ಲ, ಬದಲಿಗೆ ನಿಗದಿತ ಮೊತ್ತವನ್ನು ದಾಟಿದ ತಂಡ ದಂಡರೂಪದ ತೆರಿಗೆ ಕಟ್ಟಬೇಕು. 2025ರಲ್ಲಿ ಆ ಗೆರೆ 24.1 ಕೋಟಿ ಡಾಲರ್ ಇತ್ತು. ಸಂಬಳಕ್ಕೆ ಮಿತಿ ಹೇರಬೇಕೆಂದು ಮಾಲೀಕರು ಹಟ ಹಿಡಿದಾಗ ಆಟಗಾರರ ಸಂಘ ಮುಷ್ಕರ ಹೂಡಿದ್ದರಿಂದ 1994ರ ಅಂತಿಮ ಸರಣಿಯೇ ರದ್ದಾಗಿತ್ತು. ಹೀಗಾಗಿ ಅಲ್ಲಿ ಶ್ರೀಮಂತ ತಂಡವೊಂದು ಶೋಹೆ ಓಹ್ತಾನಿಯಂಥ ಆಟಗಾರನಿಗೆ 10 ವರ್ಷಕ್ಕೆ 70 ಕೋಟಿ ಡಾಲರ್ ಕೊಡುವ ಒಪ್ಪಂದ ಮಾಡಿಕೊಳ್ಳಬಲ್ಲದು. ಇದಕ್ಕೆ ಎದುರಾಗಿ ನಿಲ್ಲುವ ಕಥೆ 2002ರ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡದ್ದು. ಸುಮಾರು 4 ಕೋಟಿ ಡಾಲರ್ ಸಂಬಳಪಟ್ಟಿಯ ಆ ತಂಡ, 12 ಕೋಟಿಗೂ ಹೆಚ್ಚು ಖರ್ಚು ಮಾಡಿದ್ದ ನ್ಯೂಯಾರ್ಕ್ ಯಾಂಕೀಸ್‌ನಷ್ಟೇ, ಅಂದರೆ 103 ಪಂದ್ಯಗಳನ್ನು ಗೆದ್ದಿತು. ಅದರ ವ್ಯವಸ್ಥಾಪಕ ಬಿಲ್ಲಿ ಬೀನ್ ಮಾಡಿದ್ದಿಷ್ಟೇ: ಮಾರುಕಟ್ಟೆ ಯಾವ ಗುಣಕ್ಕೆ ಕಡಿಮೆ ಬೆಲೆ ಕಟ್ಟುತ್ತಿದೆಯೋ ಅದನ್ನು ಅಂಕಿಅಂಶಗಳಿಂದ ಗುರುತಿಸಿ, ಆ ಗುಣವುಳ್ಳವರನ್ನು ಅಗ್ಗಕ್ಕೆ ತಂದರು.

ಐಪಿಎಲ್‌ನಲ್ಲಿ ಶ್ರೀಮಂತ ಮಾಲೀಕ, ಬಡ ಮಾಲೀಕ ಎಂಬ ಭೇದವನ್ನು ಹರಾಜಿನ ನಿಯಮವೇ ಅಳಿಸಿಹಾಕಿದೆ. ಪ್ರತಿ ತಂಡವೂ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಒಟ್ಟು ಮೊತ್ತವನ್ನು ಮೊದಲೇ ನಿಗದಿ ಮಾಡಲಾಗುತ್ತದೆ. ಇದನ್ನೇ ಪರ್ಸ್ ಎನ್ನುವುದು. 2008ರಲ್ಲಿ 50 ಲಕ್ಷ ಡಾಲರ್ ಇದ್ದ ಈ ಪರ್ಸ್ 2014ಕ್ಕೆ 60 ಕೋಟಿ ರೂಪಾಯಿ, 2018ಕ್ಕೆ 80 ಕೋಟಿ, 2022ಕ್ಕೆ 90 ಕೋಟಿಯಾಗಿ, 2025ರ ಆವೃತ್ತಿಗೆ 120 ಕೋಟಿ ಮುಟ್ಟಿತು. ತಂಡದಲ್ಲಿ ಕನಿಷ್ಠ 18, ಗರಿಷ್ಠ 25 ಆಟಗಾರರಿರಬೇಕು, ವಿದೇಶಿಯರು 8ನ್ನು ಮೀರಬಾರದು, ಆಡುವ ಹನ್ನೊಂದರಲ್ಲಿ 4 ವಿದೇಶಿಯರಿಗೆ ಮಾತ್ರ ಅವಕಾಶ. ಮೇಲ್ನೋಟಕ್ಕೆ ಸಣ್ಣದೆನಿಸುವ ಈ ಕೊನೆಯ ನಿಯಮವೇ ಬೆಲೆಗಳ ಮೂಲ. ಹನ್ನೊಂದರಲ್ಲಿ ಏಳು ಜನ ಭಾರತೀಯರೇ ಆಗಬೇಕಾದ್ದರಿಂದ, ಕೊನೆಯ ಓವರುಗಳನ್ನು ಹಾಕಬಲ್ಲ ಭಾರತೀಯ ವೇಗಿ ಅಥವಾ ರಭಸದಿಂದ ಬ್ಯಾಟ್ ಬೀಸಬಲ್ಲ ಭಾರತೀಯ ವಿಕೆಟ್ ಕೀಪರ್‌ಗೆ, ಅದೇ ಯೋಗ್ಯತೆಯ ವಿದೇಶಿಗಿಂತ ಹೆಚ್ಚು ಬೆಲೆ ಬರುವುದು ಸಹಜ.

ಬೆಲೆಯನ್ನು ನಿರ್ಧರಿಸುವುದು ಯೋಗ್ಯತೆಯೊಂದೇ ಅಲ್ಲ, ಹೊತ್ತೂ ಹೌದು. ಪತ್ತಿಕೊಂಡದ ಟೊಮೆಟೊ ಮಾರುಕಟ್ಟೆಯಲ್ಲಿ ಅದೇ ತೋಟದ ಹಣ್ಣಿಗೆ ಬೆಳಗಿನ ಸವಾಲಿನಲ್ಲಿ ಒಂದು ದರ, ಲಾರಿ ತುಂಬಿಸಿಕೊಂಡ ವ್ಯಾಪಾರಿಗಳು ಹೊರಟ ಮೇಲೆ ಇನ್ನೊಂದು ದರ ಕೂಗುವುದನ್ನು ಕಂಡವರಿಗೆ ಐಪಿಎಲ್ ಹರಾಜು ಹೊಸದೆನಿಸುವುದಿಲ್ಲ. ಪರ್ಸ್ ತುಂಬಿರುವಾಗ ಕೂಗಿಗೆ ಬಂದ ಹೆಸರು ಏರುತ್ತಲೇ ಹೋಗುತ್ತದೆ. ತಂಡಗಳ ಜೇಬು ಬರಿದಾದ ಎರಡನೆಯ ದಿನ ಬಂದ ಆಟಗಾರ ಎಷ್ಟೋ ಸಲ ಮೂಲಬೆಲೆಗೇ, ಅಂದರೆ ಕೂಗು ಶುರುವಾಗುವ ಕನಿಷ್ಠ ದರಕ್ಕೇ ಸಿಗುತ್ತಾನೆ.

ಆರ್‌ಸಿಬಿಯ ಮೊದಲ ಹದಿನೇಳು ವರ್ಷಗಳ ಇತಿಹಾಸವನ್ನು ಈ ನೆಲೆಯಿಂದ ನೋಡಿದರೆ ಸೋಲಿಗೆ ದುರದೃಷ್ಟವೊಂದನ್ನೇ ದೂರುವುದು ಕಷ್ಟ. 11.16 ಕೋಟಿ ಡಾಲರ್ ಕೊಟ್ಟು ವಿಜಯ್ ಮಲ್ಯ ಕೊಂಡ ಈ ತಂಡ 2008ರಲ್ಲಿ ದ್ರಾವಿಡ್, ಕುಂಬ್ಳೆ, ಕಾಲಿಸ್, ಬೌಷರ್, ಚಂದ್ರಪಾಲ್, ವಾಸಿಂ ಜಾಫರ್ ಅವರನ್ನು ಒಟ್ಟುಗೂಡಿಸಿದಾಗ, ಇದು ಐದು ದಿನದ ಪಂದ್ಯಕ್ಕೆ ಆರಿಸಿದ ತಂಡ ಎಂಬ ಟೀಕೆ ಕೇಳಿಬಂದಿತ್ತು, ಆ ಟೀಕೆ ಸುಳ್ಳಾಗಲಿಲ್ಲ. ಎಂಟು ತಂಡಗಳಲ್ಲಿ ಏಳನೆಯ ಸ್ಥಾನ ಸಿಕ್ಕಿತು. ಎಲ್ಲಕ್ಕಿಂತ ಕಡಿಮೆ ಬೆಲೆಗೆ, ಅಂದರೆ 6.7 ಕೋಟಿ ಡಾಲರಿಗೆ ಮಾರಾಟವಾಗಿದ್ದ ರಾಜಸ್ಥಾನ ತಂಡ ಪ್ರಶಸ್ತಿ ಗೆದ್ದಿತು. ಆ ವರ್ಷ ಆರ್‌ಸಿಬಿ ಮಾಡಿದ ಅತ್ಯುತ್ತಮ ಆಯ್ಕೆ ಹರಾಜಿನಲ್ಲಿ ಆಗಲೇ ಇಲ್ಲವೆಂಬುದು ಗಮನಾರ್ಹ. 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಹುಡುಗರನ್ನು ತಂಡಗಳು ಸರದಿಯ ಮೇಲೆ ಒಬ್ಬೊಬ್ಬರಾಗಿ ಆರಿಸಿಕೊಳ್ಳುವ, ಅಮೆರಿಕದ ಕ್ರೀಡೆಗಳಲ್ಲಿ ರೂಢಿಯಲ್ಲಿರುವ ಡ್ರಾಫ್ಟ್ ಪದ್ಧತಿಯಲ್ಲಿ, ದೆಹಲಿ ತಂಡ ತನ್ನೂರಿನ ಹುಡುಗನನ್ನೇ ಬಿಟ್ಟು ಬೇರೊಬ್ಬ ವೇಗಿಯನ್ನು ಆರಿಸಿದ್ದರಿಂದ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಾದರು.

ಮುಂದಿನ ವರ್ಷಗಳಲ್ಲಿ ತಂಡದ ಚಾಳಿ ಬದಲಾಯಿತಾದರೂ ತಪ್ಪು ಇನ್ನೊಂದು ದಿಕ್ಕಿಗೆ ಹೊರಳಿತು. 2011ರಲ್ಲಿ ಹರಾಜಿನಲ್ಲಿ ಯಾರೂ ಕೊಳ್ಳದ ಕ್ರಿಸ್ ಗೇಲ್ ಗಾಯಗೊಂಡ ಡರ್ಕ್ ನ್ಯಾನಸ್ ಬದಲಿಗೆ ಬಂದು 608 ರನ್ ಸಿಡಿಸಿದ ಮೇಲೆ, ಮೇಲಿನ ಕ್ರಮಾಂಕದಲ್ಲಿ ದೈತ್ಯರಿದ್ದರೆ ಮಿಕ್ಕಿದ್ದೆಲ್ಲ ನಡೆದೀತು ಎಂಬ ನಂಬಿಕೆ ಆಡಳಿತದಲ್ಲೂ ಅಭಿಮಾನಿಗಳಲ್ಲೂ ಬೇರೂರಿದಂತೆ ತೋರುತ್ತದೆ. 2014ರಲ್ಲಿ ಯುವರಾಜ್ ಸಿಂಗ್ ಒಬ್ಬರಿಗೇ 14 ಕೋಟಿ, ಅಂದರೆ ಪರ್ಸಿನ ಕಾಲುಭಾಗಕ್ಕೆ ಹತ್ತಿರದ ಮೊತ್ತ ಹೋಯಿತು. ಚಿನ್ನಸ್ವಾಮಿ ಕ್ರೀಡಾಂಗಣದ ಚಿಕ್ಕ ಗಡಿ ಮತ್ತು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಹಗುರ ಗಾಳಿಯಲ್ಲಿ ಚೆಂಡು ದೂರ ಹಾರುವುದರಿಂದ ಇಲ್ಲಿ ಬ್ಯಾಟರ್‌ಗಳೇ ಗೆಲ್ಲಿಸುತ್ತಾರೆ ಎಂಬುದು ಒಂದು ವಾದ. ಆದರೆ ಆ ಮೈದಾನದಲ್ಲಿ ಎದುರಾಳಿಯ ಬ್ಯಾಟರ್‌ಗಳಿಗೂ ಅದೇ ಅನುಕೂಲ ಇರುತ್ತದಲ್ಲವೇ? ಎಲ್ಲರೂ ರನ್ ಹೊಡೆಯಬಲ್ಲ ಕಡೆ ವಿರಳವಾದದ್ದು ರನ್ ತಡೆಯುವವನು. ವಿರಳವಾದದ್ದಕ್ಕೇ ದುಡ್ಡು ಹಾಕಬೇಕಿತ್ತು.

2016ರ ಫೈನಲ್ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಆ ಋತುವಿನಲ್ಲಿ ಕೊಹ್ಲಿ 4 ಶತಕಗಳೊಂದಿಗೆ 973 ರನ್ ಗಳಿಸಿದ್ದರು. ಗೇಲ್, ಡಿವಿಲಿಯರ್ಸ್, ರಾಹುಲ್, ವಾಟ್ಸನ್ ಜೊತೆಗಿದ್ದರು. ಸ್ವಂತ ನೆಲದಲ್ಲಿ ನಡೆದ ಆ ಪಂದ್ಯದಲ್ಲಿ ಹೈದರಾಬಾದ್ ಬ್ಯಾಟಿಂಗಿನ ಇಪ್ಪತ್ತನೆಯ ಓವರನ್ನು ಹಾಕಲು ಸಿಕ್ಕವರು ಶೇನ್ ವಾಟ್ಸನ್. ಬೆನ್ ಕಟಿಂಗ್ ಎದುರು ಆ ಒಂದೇ ಓವರಿನಲ್ಲಿ 24 ರನ್ ಹೋದವು, ವಾಟ್ಸನ್ ಅವರ 4 ಓವರುಗಳಿಗೆ ತೆತ್ತದ್ದು ಒಟ್ಟು 61. ಆರ್‌ಸಿಬಿ ಸೋತದ್ದು 8 ರನ್‌ಗಳಿಂದ. ಕೊನೆಯ ಓವರಿಗೆಂದೇ ಒಬ್ಬ ಬೌಲರನ್ನು ಬೆಳೆಸಿರದ ತಂಡದ ಬೆಲೆಪಟ್ಟಿಯಲ್ಲಿ ಆ ಖಾಲಿ ಜಾಗ ಮೊದಲಿನಿಂದಲೂ ಕಾಣುವಂತೆಯೇ ಇತ್ತು.

ಇದಾದ ಮೇಲೂ, ಬೆಳೆಸಿದವರನ್ನು ಉಳಿಸಿಕೊಳ್ಳದ ದೋಷ ಮುಂದುವರಿಯಿತು. 2014ರಲ್ಲಿ 10 ಲಕ್ಷಕ್ಕೆ ಬಂದು ತಂಡದ ಅತಿ ಹೆಚ್ಚು ವಿಕೆಟ್‌ಗಳ ಬೌಲರಾಗಿ ಬೆಳೆದ ಯಜುವೇಂದ್ರ ಚಹಲ್ ಅವರನ್ನು 2022ರ ಮೊದಲು ಬಿಟ್ಟುಕೊಡಲಾಯಿತು, 6.5 ಕೋಟಿಗೆ ರಾಜಸ್ಥಾನ ಸೇರಿದ ಅವರು ಅದೇ ವರ್ಷ 27 ವಿಕೆಟ್ ಕಿತ್ತು ಋತುವಿನ ಅಗ್ರ ಬೌಲರಾದರು. ಅದೇ 2022ರಲ್ಲಿ ಹರಾಜಿನಲ್ಲಿ ಮಾರಾಟವಾಗದೆ ಉಳಿದಿದ್ದ ರಜತ್ ಪಾಟಿದಾರ್, ಗಾಯಾಳು ಲವನೀತ್ ಸಿಸೋಡಿಯ ಬದಲಿಗೆ 20 ಲಕ್ಷಕ್ಕೆ ಬಂದು ಎಲಿಮಿನೇಟರ್‌ನಲ್ಲಿ ಅಜೇಯ 112 ಹೊಡೆದರು. ಕೋಟಿಗಳ ಲೆಕ್ಕ ತಪ್ಪಿದ ಕಡೆಯೇ ಲಕ್ಷಗಳ ಲೆಕ್ಕ ಕೈಹಿಡಿದದ್ದು ಈ ತಂಡದ ವಿಚಿತ್ರ.

2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆದ್ದಾದಲ್ಲಿ ನಡೆದ ಮಹಾಹರಾಜಿಗೆ ತಂಡ ಹೋದದ್ದು ಬೇರೆಯದೇ ಸಿದ್ಧತೆಯೊಂದಿಗೆ. ಕೊಹ್ಲಿಗೆ 21 ಕೋಟಿ, ಪಾಟಿದಾರ್‌ಗೆ 11 ಕೋಟಿ, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಮೂವರನ್ನಷ್ಟೇ ಉಳಿಸಿಕೊಂಡದ್ದರಿಂದ ಕೈಯಲ್ಲಿ 83 ಕೋಟಿ ಉಳಿಯಿತು. ಕ್ರಿಕೆಟ್ ನಿರ್ದೇಶಕ ಮೊ ಬೊಬಟ್, ಮುಖ್ಯ ತರಬೇತುದಾರ ಆ್ಯಂಡಿ ಫ್ಲವರ್, ಮಾರ್ಗದರ್ಶಕ ದಿನೇಶ್ ಕಾರ್ತಿಕ್ ಇದ್ದ ಮೇಜು ಮೊದಲ ದಿನ ಅತಿ ದುಬಾರಿ ಹೆಸರುಗಳನ್ನು ಕೊಳ್ಳದೆ ಬಿಟ್ಟಿತು. ರಿಷಭ್ ಪಂತ್ 27 ಕೋಟಿಗೆ ಲಖನೌ, ಶ್ರೇಯಸ್ ಅಯ್ಯರ್ 26.75 ಕೋಟಿಗೆ ಪಂಜಾಬ್, ವೆಂಕಟೇಶ್ ಅಯ್ಯರ್ 23.75 ಕೋಟಿಗೆ ಕೋಲ್ಕತ್ತ ಪಾಲಾದರು. ಬೆಂಗಳೂರಿನ ಅತಿ ದುಬಾರಿ ಖರೀದಿ ಜೋಶ್ ಹೇಜಲ್‌ವುಡ್, 12.5 ಕೋಟಿ, ಅವರ ಹಿಂದೆ ಫಿಲ್ ಸಾಲ್ಟ್ 11.5, ಜಿತೇಶ್ ಶರ್ಮಾ 11, ಭುವನೇಶ್ವರ್ ಕುಮಾರ್ 10.75. ಆಮೇಲೆ ಬಂದವರು ರಸಿಖ್ ದಾರ್ 6, ಕೃಣಾಲ್ ಪಾಂಡ್ಯ 5.75, ಟಿಮ್ ಡೇವಿಡ್ 3, ಸುಯಶ್ ಶರ್ಮಾ 2.6, ರೊಮಾರಿಯೊ ಶೆಫರ್ಡ್ 1.5 ಕೋಟಿಗೆ. ಹೇಜಲ್‌ವುಡ್, ಭುವನೇಶ್ವರ್, ದಯಾಳ್, ರಸಿಖ್, ಕೃಣಾಲ್, ಸುಯಶ್ ಈ ಆರು ಜನರ ಬೆಲೆ ಕೂಡಿಸಿದರೆ 42.6 ಕೋಟಿ, ಅಂದರೆ ಇಡೀ ಪರ್ಸಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು, ಬೌಲಿಂಗ್ ಬಲ್ಲವರಿಗೆ ಹೋಯಿತು. ಮಹಮ್ಮದ್ ಸಿರಾಜ್ ಅವರನ್ನು 12.25 ಕೋಟಿಗೆ ಗುಜರಾತಿಗೆ ಹೋಗಲು ಬಿಟ್ಟದ್ದಕ್ಕೆ ಅಭಿಮಾನಿಗಳು ಸಿಟ್ಟಾದರು. ಆ ಸಿಟ್ಟಿಗೆ ಕಾರಣವೂ ಇತ್ತು, ಆದರೆ ಹೊಸ ಚೆಂಡಿಗೆ ಭುವನೇಶ್ವರ್, ಎಡಗೈಯ ಕೋನಕ್ಕೆ ದಯಾಳ್, ಪುಟಿದೇಳುವ ಎಸೆತಕ್ಕೆ ಹೇಜಲ್‌ವುಡ್ ಎಂಬ ಹಂಚಿಕೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಕೆಲಸವಿತ್ತು.

ಫಲಿತಾಂಶ ತಿಳಿದದ್ದೇ. ಹೇಜಲ್‌ವುಡ್ 12 ಪಂದ್ಯಗಳಲ್ಲಿ 22 ವಿಕೆಟ್ ಪಡೆದರು, ಜಿತೇಶ್ ಲಖನೌ ಎದುರು 33 ಎಸೆತಗಳಲ್ಲಿ ಅಜೇಯ 85 ಹೊಡೆದು 228ರ ಗುರಿ ದಾಟಿಸಿದರು, 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಮಣಿಸಿ ಆರ್‌ಸಿಬಿ ಮೊದಲ ಬಾರಿ ಪ್ರಶಸ್ತಿ ಎತ್ತಿತು. 4 ಓವರುಗಳಲ್ಲಿ 17 ರನ್ ಕೊಟ್ಟು 2 ವಿಕೆಟ್ ಪಡೆದು ಆ ದಿನದ ಪಂದ್ಯಶ್ರೇಷ್ಠರಾದ ಕೃಣಾಲ್, ಪಂತ್ ಅವರ ಬೆಲೆಯ ಕಾಲುಭಾಗಕ್ಕೂ ಕಡಿಮೆಗೆ ಸಿಕ್ಕಿದವರು.

ಇಷ್ಟರಿಂದ ಹಣವನ್ನು ಹಂಚುವುದೇ ಸರಿ, ಒಬ್ಬನ ಮೇಲೆ ಸುರಿಯುವುದು ತಪ್ಪು ಎಂದು ಸೂತ್ರ ಬರೆದುಕೊಳ್ಳುವುದು ಅವಸರವಾದೀತು. ಆ ಫೈನಲ್‌ನ ಇನ್ನೊಂದು ತಂಡ ಪಂಜಾಬ್, 26.75 ಕೋಟಿಯ ಶ್ರೇಯಸ್ ಜೊತೆಗೆ ಅರ್ಶದೀಪ್ ಮತ್ತು ಚಹಲ್ ಅವರಿಗೆ ತಲಾ 18 ಕೋಟಿ ಸುರಿದಿದ್ದ ಆ ತಂಡ ಪ್ರಶಸ್ತಿಗೆ ಆರೇ ರನ್ ದೂರದಲ್ಲಿತ್ತು. ಪಂತ್ 269 ರನ್ ಗಳಿಸಿ ಲಖನೌ ಏಳನೆಯ ಸ್ಥಾನಕ್ಕಿಳಿದದ್ದನ್ನು ತೋರಿಸುವವರು ಶ್ರೇಯಸ್ ಅವರನ್ನು ಮರೆಯುವಂತಿಲ್ಲ. 103 ಪಂದ್ಯ ಗೆದ್ದ ಓಕ್ಲೆಂಡ್ ಕೂಡ ನಾಕೌಟಿನ ಮೊದಲ ಸುತ್ತಿನಲ್ಲೇ ಮಿನೆಸೊಟಾ ಎದುರು ಸೋತು ಹೊರಬಿದ್ದಿತ್ತು. ಲೆಕ್ಕ ತಂಡವನ್ನು ನಾಕೌಟಿನವರೆಗೆ ಒಯ್ಯುತ್ತದೆ, ಅಲ್ಲಿಂದಾಚೆ ಒಂದು ಕೈಚೆಲ್ಲಿದ ಕ್ಯಾಚು ಸಾಕು.

ಕನ್ನಡ ಅಭಿಮಾನಿಗಳ ಹಳೆಯ ತಕರಾರು ಇನ್ನೊಂದಿದೆ: ಬೆಂಗಳೂರಿನ ತಂಡದಲ್ಲಿ ಕರ್ನಾಟಕದವರೆಷ್ಟು? 2018ಕ್ಕೆ ಮೊದಲು ಬಿಟ್ಟುಕೊಟ್ಟ ಕೆ.ಎಲ್. ರಾಹುಲ್ ಆ ವರ್ಷ ಪಂಜಾಬಿಗಾಗಿ 659 ರನ್ ಗಳಿಸಿದರು, ಜೆದ್ದಾದಲ್ಲಿ 14 ಕೋಟಿಗೆ ದೆಹಲಿ ಸೇರಿದರು. ತವರಿನ ಹೆಸರಿಗೆಂದು ಹೆಚ್ಚು ಬೆಲೆ ಕೊಡುವುದು ಪರ್ಸಿನ ದೃಷ್ಟಿಯಿಂದ ಜಾಣತನವಲ್ಲ ಎನ್ನಬಹುದು. ಆದರೆ ಅದೇ ಹರಾಜಿನಲ್ಲಿ ಮೊದಲ ಸುತ್ತಿನಲ್ಲಿ ಯಾರೂ ಕೇಳದ ದೇವದತ್ತ ಪಡಿಕ್ಕಲ್ ಆಮೇಲೆ ಮೂಲಬೆಲೆ 2 ಕೋಟಿಗೆ ಬೆಂಗಳೂರಿಗೆ ಬಂದರು; ಅವರು ಗಾಯಗೊಂಡಾಗ ಬದಲಿಗೆ ಬಂದವರು ಮಯಂಕ್ ಅಗರ್ವಾಲ್. ಆದೋನಿಯಿಂದ ರೈಲು ಹತ್ತಿದರೆ ಹೆಚ್ಚು ದೂರವಿಲ್ಲದ ರಾಯಚೂರಿನ ಮನೋಜ್ ಭಾಂಡಗೆ 30 ಲಕ್ಷಕ್ಕೆ ಅದೇ ತಂಡದ ಪಟ್ಟಿ ಸೇರಿದರು. ರಾಜ್ಯ ಸಂಸ್ಥೆ ನಡೆಸುವ ಮಹಾರಾಜ ಟ್ರೋಫಿಯಲ್ಲಿ ಇಂಥ ಹುಡುಗರನ್ನು ವರ್ಷವರ್ಷ ಕಣ್ಣೆದುರೇ ನೋಡುವ ಅವಕಾಶ ಬೆಂಗಳೂರಿನ ಆಯ್ಕೆಗಾರರಿಗಿದೆ. ಅಗ್ಗದ ಬೆಲೆಯಲ್ಲಿ ಅಡಗಿರುವ ಗುಣವನ್ನು ಬೇರೆಯವರಿಗಿಂತ ಮೊದಲು ಅರಿಯುವುದೇ ಬೀನ್ ತೋರಿಸಿದ ದಾರಿಯಾಗಿದ್ದರೆ, ತವರಿನ ಹುಡುಗರನ್ನು ಹುಡುಕುವುದು ಭಾವುಕತೆಗಿಂತ ಹೆಚ್ಚಾಗಿ ವ್ಯಾಪಾರವೇ ಆಗುತ್ತದೆ.

ಅಭಿಮಾನಿಗಳ ಚರ್ಚೆ ಅಪರೂಪಕ್ಕೆ ಮುಟ್ಟುವ ಇನ್ನೊಂದು ಸಂಗತಿಯೆಂದರೆ, ಈ ಸಮಾನ ಪರ್ಸಿನ ಖರ್ಚನ್ನು ನಿಜಕ್ಕೂ ಹೊರುವವರು ಯಾರೆಂಬುದು. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕುಗಳು 48,390 ಕೋಟಿ ರೂಪಾಯಿಗೆ ಮಾರಾಟವಾದವು. ವರ್ಷಕ್ಕೆ ಸರಾಸರಿ 9,678 ಕೋಟಿ. ಹತ್ತು ತಂಡಗಳ 120 ಕೋಟಿಯನ್ನು ಕೂಡಿಸಿದರೆ 1,200 ಕೋಟಿ, ಅಂದರೆ ಪ್ರಸಾರದ ಆದಾಯವೊಂದರ ಎಂಟನೆಯ ಒಂದು ಭಾಗದಷ್ಟು ಮಾತ್ರ. 2025ರಿಂದ ಕೊಡುತ್ತಿರುವ ಪಂದ್ಯಕ್ಕೆ 7.5 ಲಕ್ಷದ ಶುಲ್ಕ ಸೇರಿಸಿದರೂ ಚಿತ್ರ ಹೆಚ್ಚು ಬದಲಾಗದು. ಬೇಸ್‌ಬಾಲ್ ಆಟಗಾರರು ಮಿತಿಯನ್ನು ತಡೆದದ್ದು ತಮ್ಮ ಸಂಘದ ಬಲದಿಂದ. ಭಾರತದಲ್ಲಿ 2019ರಲ್ಲಿ ಹುಟ್ಟಿದ ಕ್ರಿಕೆಟಿಗರ ಸಂಘ ನಿವೃತ್ತರದು, ಹಾಲಿ ಆಟಗಾರರ ಪರವಾಗಿ ಪರ್ಸಿನ ಗಾತ್ರದ ಬಗ್ಗೆ ಚೌಕಾಸಿ ಮಾಡುವವರಿಲ್ಲ. 2025ರ ಡಿಸೆಂಬರಿನ ಕಿರುಹರಾಜಿನಲ್ಲಿ ಕ್ಯಾಮರೂನ್ ಗ್ರೀನ್ ಅವರಿಗೆ ಕೋಲ್ಕತ್ತ 25.20 ಕೋಟಿ ಕೂಗಿತಾದರೂ, ಕಿರುಹರಾಜಿನಲ್ಲಿ ವಿದೇಶಿ ಆಟಗಾರನ ಸಂಬಳಕ್ಕೆ ಹೇರಿದ ಹೊಸ ಮಿತಿಯಿಂದಾಗಿ ಅವರ ಕೈಸೇರುವುದು 18 ಕೋಟಿ, ಉಳಿದ 7.20 ಕೋಟಿ ಭಾರತೀಯ ಕ್ರಿಕೆಟ್ ಮಂಡಳಿಗೆ ಹೋಗುತ್ತದೆ, ಕೋಲ್ಕತ್ತದ ಪರ್ಸಿನಿಂದ ಮಾತ್ರ ಪೂರ್ತಿ 25.20 ಕೋಟಿಯೂ ಕಡಿತವಾಗುತ್ತದೆ.