ಭಕ್ಷೀಸು ಮತ್ತು ವೇತನ: ಹೋಟೆಲ್ ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆ ಹಾಗೂ ಅದರ ಸುತ್ತಮುತ್ತ ಇಂದು ಮೂರು ಬಗೆಯ ಹೋಟೆಲುಗಳನ್ನು ಕಾಣಬಹುದು. ನಿಂತು ತಿಂಡಿ ತಿನ್ನುವ ದರ್ಶಿನಿಗಳು ಒಂದು ಬಗೆ. ಸಪ್ಲೈಯರ್ ಬಂದು ಪಟ್ಟಿ ಒಪ್ಪಿಸುವ ಹಳೆಯ ಮಾದರಿಯ ಉಪಾಹಾರ ಮಂದಿರಗಳು ಇನ್ನೊಂದು. ಮಾಲ್‌ಗಳ ಹವಾನಿಯಂತ್ರಿತ ರೆಸ್ಟೋರೆಂಟುಗಳು ಮೂರನೆಯದು. ದರ್ಶಿನಿಯಲ್ಲಿ ಭಕ್ಷೀಸಿನ ಪ್ರಶ್ನೆಯೇ ಏಳುವುದಿಲ್ಲ. ಉಪಾಹಾರ ಮಂದಿರದಲ್ಲಿ ಸೋಂಪಿನ ತಟ್ಟೆಯ ಮೇಲೆ ಗ್ರಾಹಕನು ಬಿಟ್ಟುಹೋಗುವ ಚಿಲ್ಲರೆಯೇ ಭಕ್ಷೀಸು. ದುಬಾರಿ ರೆಸ್ಟೋರೆಂಟುಗಳಲ್ಲಿ ಅದು ಬಹುಕಾಲ ‘ಸೇವಾ ಶುಲ್ಕ’ ಎಂಬ ಹೆಸರಿನಲ್ಲಿ ಬಿಲ್ಲಿನಲ್ಲಿಯೇ ಮುದ್ರಿತವಾಗಿ ಬರುತ್ತಿತ್ತು. ಈ ಹಣ ಯಾರದು, ಅದನ್ನು ಸಂಬಳದ ಭಾಗವೆಂದು ಎಣಿಸಬಹುದೇ ಎಂಬ ಬಗ್ಗೆ ಉದ್ಯಮಿಗಳಲ್ಲಿ ಇಂದಿಗೂ ಸಾಕಷ್ಟು ಗೊಂದಲವಿದೆ.

ಗೊಂದಲದ ಮೂಲ ನಮ್ಮ ಹೋಟೆಲ್ ಉದ್ಯಮದ ಚರಿತ್ರೆಯಲ್ಲಿಯೇ ಇದೆ. ಉಡುಪಿ, ಕುಂದಾಪುರದ ಕಡೆಯಿಂದ ಚಿಕ್ಕ ವಯಸ್ಸಿನಲ್ಲಿಯೇ ಬೆಂಗಳೂರಿಗೆ ಬಂದ ಮಾಣಿಗೆ ಊಟ, ವಸತಿ ಹೋಟೆಲಿನಲ್ಲಿಯೇ ದೊರೆಯುತ್ತಿತ್ತು. ಕೈಗೆ ಬರುವ ಸಂಬಳ ಅಲ್ಪ. ‘ಮೇಲೆ ಟಿಪ್ಸ್ ಬರುತ್ತದಲ್ಲ’ ಎಂಬ ಮಾತು ಸಂಬಳ ನಿಗದಿ ಮಾಡುವಾಗಲೇ ಮಾಲೀಕರ ಬಾಯಲ್ಲಿ ಬರುತ್ತಿತ್ತು, ಇಂದಿಗೂ ಬರುತ್ತದೆ. ಆದರೆ ಈ ಚಿಲ್ಲರೆ ಸಿಗುತ್ತಿದ್ದುದು ಗ್ರಾಹಕನ ಕಣ್ಣಿಗೆ ಬೀಳುವ ಸಪ್ಲೈಯರ್‌ಗೆ ಮಾತ್ರ. ಒಲೆಯ ಮುಂದೆ ಬೇಯುವ ಅಡುಗೆ ಭಟ್ಟರಿಗೆ, ಪಾತ್ರೆ ತೊಳೆಯುವವರಿಗೆ, ಮೇಜು ಒರೆಸುವ ಕ್ಲೀನರ್‌ಗೆ ಅದರಲ್ಲಿ ಪಾಲಿರುತ್ತಿದ್ದುದು ಅಪರೂಪ. 1980ರ ದಶಕದಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಹೆಸರು ಪಡೆದ ಸ್ವಸಹಾಯ ಪದ್ಧತಿ ನಗರದಾದ್ಯಂತ ಹರಡಿದಾಗ ಸಪ್ಲೈಯರ್ ಕೆಲಸವೇ ಇಲ್ಲವಾಯಿತು. ತಿಂಡಿ ಅಗ್ಗವಾಯಿತು, ಭಕ್ಷೀಸೂ ನಿಂತಿತು. ಉಳಿದ ಕ್ಲೀನರ್‌ಗೆ ಸಂಬಳವೊಂದೇ ಆದಾಯ. ದರ್ಶಿನಿಗಳು ಭಕ್ಷೀಸಿನ ಆಸರೆಯಿಲ್ಲದೆಯೇ ಸಂಬಳ ಕೊಟ್ಟು ವ್ಯಾಪಾರ ನಡೆಸಿವೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಇನ್ನು ಕಾನೂನಿನ ವಿಷಯ. ಜೈಪುರದ ರಾಮಬಾಗ್ ಪ್ಯಾಲೇಸ್ ಹೋಟೆಲಿನ ಪ್ರಕರಣದಲ್ಲಿ 1976ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು, ಗ್ರಾಹಕರು ಕೊಟ್ಟ ಭಕ್ಷೀಸನ್ನು ಆಡಳಿತ ವರ್ಗವು ಸಂಗ್ರಹಿಸಿ ಹಂಚಿದ ಮಾತ್ರಕ್ಕೆ ಅದು ಆಡಳಿತ ವರ್ಗದ ಪಾವತಿಯಾಗದೆಂದು ಅಭಿಪ್ರಾಯಪಟ್ಟಿತು. ಮೈಸೂರಿನ ಕ್ವಾಲಿಟಿ ಇನ್ ಸದರ್ನ್ ಸ್ಟಾರ್ ಹೋಟೆಲಿಗೂ ಇ.ಎಸ್.ಐ. ನಿಗಮಕ್ಕೂ ನಡೆದ ವ್ಯಾಜ್ಯದಲ್ಲಿ, ಭಕ್ಷೀಸಿಗೆ ಬದಲಾಗಿ ಗ್ರಾಹಕರಿಂದ ಪಡೆದು ನೌಕರರಿಗೆ ಹಂಚಿದ ಸೇವಾ ಶುಲ್ಕವು ಇ.ಎಸ್.ಐ. ಕಾಯ್ದೆಯ ವೇತನದ ವ್ಯಾಖ್ಯೆಗೆ ಒಳಪಡುವುದಿಲ್ಲವೆಂಬ ತೀರ್ಮಾನವಾಯಿತು. 2016ರ ಏಪ್ರಿಲ್‌ನಲ್ಲಿ ಐ.ಟಿ.ಸಿ. ಪ್ರಕರಣದಲ್ಲಿ ಅದೇ ನ್ಯಾಯಾಲಯವು ಇನ್ನೂ ಸ್ಪಷ್ಟವಾಗಿ ಹೇಳಿತು: ಕ್ರೆಡಿಟ್ ಕಾರ್ಡ್ ಮೂಲಕ ಬಂದ ಭಕ್ಷೀಸನ್ನು ಹೋಟೆಲು ನೌಕರರ ಪರವಾಗಿ ನ್ಯಾಸಧಾರಿಯಂತೆ ಇಟ್ಟುಕೊಂಡಿರುತ್ತದೆಯೇ ಹೊರತು, ಅದು ಹೋಟೆಲು ಕೊಡುವ ಸಂಬಳವಲ್ಲ, ಆದುದರಿಂದ ಸಂಬಳವೆಂದು ಮೂಲದಲ್ಲಿ ತೆರಿಗೆ ಕಡಿತ ಮಾಡುವ ಹೊಣೆ ಹೋಟೆಲಿಗಿಲ್ಲ. (ನೌಕರನ ಕೈಯಲ್ಲಿ ಅದು ಇತರ ಮೂಲಗಳ ಆದಾಯವೇ, ಆ ಹೊಣೆ ಅವನದು.)

ತೆರಿಗೆ ಕಡಿತದ ತೊಡಕು ತಪ್ಪಿತೆಂದು ಉದ್ಯಮವು ಈ ತೀರ್ಪನ್ನು ಸ್ವಾಗತಿಸಿತು. ಆದರೆ ತೀರ್ಪಿಗೆ ಮತ್ತೊಂದು ಮುಖವಿದೆ. ಭಕ್ಷೀಸು ಸಂಬಳವಲ್ಲವೆಂದಾದರೆ ಕನಿಷ್ಠ ವೇತನದ ಲೆಕ್ಕಕ್ಕೂ ಅದನ್ನು ಜಮಾ ಹಿಡಿಯುವಂತಿಲ್ಲ. ಅಮೆರಿಕದ ಕೇಂದ್ರ ಕಾನೂನಿನಲ್ಲಿ, ಭಕ್ಷೀಸು ಪಡೆಯುವ ನೌಕರನಿಗೆ ಮಾಲೀಕನು ಗಂಟೆಗೆ 2.13 ಡಾಲರ್ ಮಾತ್ರ ಕೊಟ್ಟು ಉಳಿದುದನ್ನು ಭಕ್ಷೀಸಿನಿಂದ ತುಂಬಿಕೊಳ್ಳಲು ಅವಕಾಶವಿದೆ; 1991ರಿಂದ ಈ ದರ ಬದಲಾಗಿಲ್ಲ. ನಮ್ಮಲ್ಲಿ 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಅಂತಹ ರಿಯಾಯಿತಿ ಇರಲಿಲ್ಲ. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದಿರುವ ವೇತನ ಸಂಹಿತೆಯಲ್ಲಿಯೂ ಇಲ್ಲ. ಉದ್ಯೋಗದ ಕರಾರಿನ ಪ್ರಕಾರ ಸಂದಾಯವಾಗಬೇಕಾದ ಪ್ರತಿಫಲವೇ ವೇತನವೆಂಬುದು ಹೊಸ ವ್ಯಾಖ್ಯೆಯ ತಿರುಳೂ ಹೌದು. ರಾಜ್ಯ ಸರ್ಕಾರವು ನಿಗದಿಪಡಿಸಿದ ದರವನ್ನು ತುಟ್ಟಿಭತ್ಯೆ ಸಹಿತ ಮಾಲೀಕನೇ ಪೂರ್ತಿಯಾಗಿ ಕೊಡತಕ್ಕದ್ದು.

ನೌಕರನ ಪಾಲಿಗೆ ಇದರ ಪರಿಣಾಮವೇನೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಬ್ಬ ಸಪ್ಲೈಯರ್‌ನ ವೇತನ ತಿಂಗಳಿಗೆ 16,000 ರೂ., ಭಕ್ಷೀಸು ಸುಮಾರು 4,000 ರೂ. ಎಂದಿಟ್ಟುಕೊಳ್ಳೋಣ. (ಇವು ಉದಾಹರಣೆಯ ಅಂಕಿಗಳು, ಕನಿಷ್ಠ ದರವನ್ನು ಪ್ರಚಲಿತ ಅಧಿಸೂಚನೆಯಲ್ಲಿ ನೋಡಿಕೊಳ್ಳಬೇಕು.) ಮನೆ ಬಾಡಿಗೆ, ಮಕ್ಕಳ ಶಾಲಾ ಶುಲ್ಕಗಳೆಲ್ಲ 20,000 ರೂ.ಗೆ ಹೊಂದಿಕೊಂಡಿರುತ್ತವೆ. ಆತ ಕಾಯಿಲೆಬಿದ್ದು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ದಾಖಲಾದನೆನ್ನಿ. ಚಿಕಿತ್ಸೆಗೆ ಕೊರತೆಯಿಲ್ಲ. ಆದರೆ ಅನಾರೋಗ್ಯ ಭತ್ಯೆ ದೊರೆಯುವುದು ವೇತನದ ಶೇ. 70ರಷ್ಟು, ಅಂದರೆ ತಿಂಗಳಿಗೆ ಸುಮಾರು 11,200 ರೂ. ಪೂರ್ತಿ 20,000 ರೂ. ವೇತನವೇ ಆಗಿದ್ದರೆ ಅದು 14,000 ರೂ. ಆಗುತ್ತಿತ್ತು. ಹಾಸಿಗೆ ಹಿಡಿದವನಿಗೆ ಭಕ್ಷೀಸು ಕೊಡುವ ಗ್ರಾಹಕನಿಲ್ಲ. ಇಪ್ಪತ್ತು ವರ್ಷ ದುಡಿದು ನಿವೃತ್ತನಾದಾಗ ಉಪದಾನವೂ ಹಾಗೆಯೇ: 16,000 ರೂ. ಆಧಾರದಲ್ಲಿ 1,84,615 ರೂ., 20,000 ರೂ. ಆಧಾರದಲ್ಲಿ 2,30,769 ರೂ.

ಹಾಗಾದರೆ ಈ 4,000 ರೂ.ಗಳನ್ನೂ ವೇತನದಲ್ಲಿಯೇ ಸೇರಿಸಿ ತಿಂಡಿಯ ದರ ಏರಿಸಬಾರದೇಕೆ ಎಂದರೆ, ಪಕ್ಕದ ಹೋಟೆಲಿನಲ್ಲಿ ದೋಸೆಗೆ ಹತ್ತು ರೂಪಾಯಿ ಕಡಿಮೆಯಿದ್ದರೆ ಗ್ರಾಹಕ ಅಲ್ಲಿಗೆ ನಡೆಯುತ್ತಾನೆ ಎಂಬ ಮಾಲೀಕರ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಆದರೂ ವೆಚ್ಚದ ಅಂದಾಜು ಕೆಲವೊಮ್ಮೆ ಅತಿಯಾಗಿರುತ್ತದೆ. 4,000 ರೂ. ಹೆಚ್ಚುವರಿ ವೇತನದ ಮೇಲೆ ಮಾಲೀಕನ ಇ.ಎಸ್.ಐ. ವಂತಿಗೆ ಶೇ. 3.25ರಂತೆ 130 ರೂ. ಮಾತ್ರ. ನಿಜವಾದ ಹೊರೆ ವೇತನದ ಏರಿಕೆಯೇ. ಅನುಭವಸ್ಥ ಸಪ್ಲೈಯರ್ ಕೆಲಸ ಬಿಟ್ಟು ಆಹಾರ ಸರಬರಾಜು ಕಂಪನಿಗಳ ಸ್ಕೂಟರ್ ಏರುವ ಈ ಕಾಲದಲ್ಲಿ, ಹೊಸಬನನ್ನು ಹುಡುಕಿ ಕೆಲಸ ಕಲಿಸುವ ಖರ್ಚನ್ನೂ ಅದರ ಎದುರಿಗೆ ಬರೆದು ನೋಡಬೇಕು.

ಕೆಲವು ರೆಸ್ಟೋರೆಂಟುಗಳು ಈ ಸಮಸ್ಯೆಗೆ ಕಂಡುಕೊಂಡ ದಾರಿ ಸೇವಾ ಶುಲ್ಕ. ಅದು ಈಗ ಸುರಕ್ಷಿತವಾಗಿ ಉಳಿದಿಲ್ಲ. ಸೇವಾ ಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲು ಮಾಡಬಾರದು, ಕೊಡಲೊಪ್ಪದ ಗ್ರಾಹಕನನ್ನು ತಡೆಯಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಟನೆಗಳು ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದವು. 2025ರ ಮಾರ್ಚ್ 28ರಂದು ಏಕಸದಸ್ಯ ಪೀಠವು ಮಾರ್ಗಸೂಚಿಯನ್ನು ಎತ್ತಿಹಿಡಿದು ಅರ್ಜಿದಾರರಿಗೆ ದಂಡವನ್ನೂ ವಿಧಿಸಿತು. ಸಂಘಟನೆಗಳು ಮೇಲ್ಮನವಿ ಸಲ್ಲಿಸಿದವು. ಸ್ವಇಚ್ಛೆಯಿಂದ ಭಕ್ಷೀಸು ಕೊಡಲು ಗ್ರಾಹಕನಿಗೆ ಅಡ್ಡಿಯಿಲ್ಲ. ಸೇವಾ ಶುಲ್ಕದ ಹಣವೆಲ್ಲ ನೌಕರರಿಗೇ ಹೋಗುತ್ತದೆಂಬ ಸಮರ್ಥನೆಯನ್ನು ಲೆಕ್ಕಪತ್ರಗಳ ಮೂಲಕ ತೋರಿಸಬಲ್ಲ ಸಂಸ್ಥೆಗಳು ಎಷ್ಟು ಎಂಬುದು ಬೇರೆಯೇ ಮಾತು.

ಲೆಕ್ಕಪತ್ರದ ವಿಷಯದಲ್ಲಿ ಸಣ್ಣ ಹೋಟೆಲುಗಳೂ ಈಗ ಎಚ್ಚರ ವಹಿಸಬೇಕಾಗಿದೆ. ನಗದು ಇದ್ದಾಗ ಚಿಲ್ಲರೆ ನೇರವಾಗಿ ಸಪ್ಲೈಯರ್ ಜೇಬಿಗೆ ಹೋಗುತ್ತಿತ್ತು, ಗಲ್ಲಾಕ್ಕೆ ಅದರ ಸಂಬಂಧವಿರಲಿಲ್ಲ. ಯು.ಪಿ.ಐ. ಬಂದ ಮೇಲೆ ಸೋಂಪಿನ ತಟ್ಟೆ ಬಹುಪಾಲು ಖಾಲಿ. ಮನಸ್ಸಿರುವ ಗ್ರಾಹಕನು 270 ರೂ. ಬಿಲ್ಲಿಗೆ 300 ರೂ. ಪಾವತಿಸಿ, ‘ಉಳಿದದ್ದು ಹುಡುಗನಿಗೆ ಕೊಡಿ’ ಎನ್ನುತ್ತಾನೆ. ಆ 30 ರೂ. ಹೋಟೆಲಿನ ಬ್ಯಾಂಕ್ ಖಾತೆಗೆ ಬೀಳುತ್ತದೆ. ಅದನ್ನು ಮಾರಾಟವೆಂದು ಬರೆದರೆ ಶೇ. 5ರ ಜಿ.ಎಸ್.ಟಿ.ಗೂ ಆದಾಯ ತೆರಿಗೆಗೂ ಒಳಪಡುತ್ತದೆ. ಬರೆಯದೆ ಬಿಟ್ಟರೆ ಬ್ಯಾಂಕ್ ಜಮೆಗೂ ಬಿಲ್ ಪುಸ್ತಕಕ್ಕೂ ತಾಳೆಯಾಗುವುದಿಲ್ಲ. ಸಪ್ಲೈಯರ್‌ಗೆ ಕೊಡದೆ ಉಳಿಸಿಕೊಂಡರೆ ಅನ್ಯರ ಹಣ ಬಳಸಿಕೊಂಡಂತೆ. ‘ನೌಕರರಿಗೆ ಸಲ್ಲಬೇಕಾದ ಭಕ್ಷೀಸು’ ಎಂಬ ಪ್ರತ್ಯೇಕ ಖಾತೆ ತೆರೆದು ಹೊಣೆಗಾರಿಕೆಯೆಂದು ತೋರಿಸುವುದೇ ಸರಿಯಾದ ಕ್ರಮ. ದಿನದ ಕೊನೆಯಲ್ಲಿ ಬಿಲ್ ಮೊತ್ತಕ್ಕಿಂತ ಹೆಚ್ಚಾಗಿ ಬಂದ ಜಮೆಯನ್ನು ಈ ಖಾತೆಗೆ ವರ್ಗಾಯಿಸಿ, ವಾರಕ್ಕೊಮ್ಮೆ ಹಂಚಿ, ವಹಿಯಲ್ಲಿ ಸಹಿ ಪಡೆಯಬೇಕು.

ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕಾನೂನು, ಮಾಲೀಕನ ಕೈಗೆ ಬಂದ ಭಕ್ಷೀಸನ್ನೆಲ್ಲ ಮುಂದಿನ ತಿಂಗಳ ಅಂತ್ಯದೊಳಗೆ ನೌಕರರಿಗೆ ಹಂಚಬೇಕೆಂದೂ, ಹಂಚಿಕೆಯ ನೀತಿ ಲಿಖಿತವಾಗಿರಬೇಕೆಂದೂ ವಿಧಿಸಿದೆ. ನಮ್ಮಲ್ಲಿ ಅಂತಹ ನಿಯಮವಿಲ್ಲದಿದ್ದರೂ ಹಂಚಿಕೆಯ ಪ್ರಮಾಣವನ್ನು ನೌಕರರೊಡನೆ ಚರ್ಚಿಸಿ ಬರಹದಲ್ಲಿಡಲು ಯಾರ ಅಪ್ಪಣೆಯೂ ಬೇಕಿಲ್ಲ. ಮೇಜಿನ ಮೇಲೆ ಕೈಗೆ ಕೊಟ್ಟ ನಗದನ್ನು ಪಡೆದವನಿಗೇ ಬಿಟ್ಟು, ಖಾತೆಗೆ ಬಂದ ಹಣದಲ್ಲಿ ಅಡುಗೆಮನೆಗೂ ಕ್ಲೀನರ್‌ಗೂ ಪಾಲು ಗೊತ್ತುಮಾಡಿದರೆ ತಕರಾರು ಕಡಿಮೆ. ಸಪ್ಲೈಯರ್‌ಗಳು ಮೊದಲಿಗೆ ಗೊಣಗುವುದು ಸಹಜ. ಅವರನ್ನು ಕೂಡಿಸಿಕೊಂಡು ಪ್ರಮಾಣ ನಿಗದಿಪಡಿಸಿದ ಮೇಲೆಯೇ ವಹಿ ಆರಂಭಿಸುವುದು ಲೇಸು.